ಪೊಯಿಚಿ: ಹಾಜಿಮೆ ಮೊರಿಯಾಸು ಆಟಗಾರನಿಂದ ಕೋಚ್ ಆದ ಬಗೆ

1992ರಲ್ಲಿ ಜಪಾನ್ ಫುಟ್‌ಬಾಲ್ ತಂಡದ ಪಟ್ಟಿ ಹೊರಬಂದಾಗ ಅದರಲ್ಲಿದ್ದ ಒಂದು ಹೆಸರನ್ನು ಹೇಗೆ ಓದಬೇಕು ಅಂತಲೇ ಬಹಳ ಜನಕ್ಕೆ ತಿಳಿಯಲಿಲ್ಲ. ಕನ್ನಡದವರಿಗೆ ಈ ತಾಪತ್ರಯ ಇಲ್ಲ, ಬರೆದ ಹಾಗೆ ಓದಿದರೆ ಆಯಿತು. ಜಪಾನಿನಲ್ಲಿ ಹಾಗಲ್ಲ. ಕಾಂಜಿ ಅಕ್ಷರಗಳಲ್ಲಿ ಬರೆದ ಹೆಸರಲ್ಲಿ ಮನೆತನದ ಹೆಸರು ಎಲ್ಲಿ ಮುಗಿಯಿತು, ಸ್ವಂತ ಹೆಸರು ಎಲ್ಲಿ ಶುರುವಾಯಿತು ಅನ್ನೋದೂ ಎಷ್ಟೋ ಸಲ ಊಹೆಯ ಮಾತು. ಇಲ್ಲಿ ಇದ್ದದ್ದು ಮೂರೇ ಅಕ್ಷರ. ಮೊದಲೆರಡು ಸೇರಿ ಮೊರಿಯಾಸು, ಕೊನೆಯದು ಹಾಜಿಮೆ. ಜನ ಒಂದು ಅಕ್ಷರ ಮೊದಲೇ ತುಂಡು ಮಾಡಿ ‘ಮೋರಿ ಯಾಸುಇಚಿ’ ಅಂತ ಓದಿದರು. ಆ ಕೊನೆಯ ಎರಡು ಅಕ್ಷರಗಳನ್ನೇ ಇನ್ನೊಂದು ಥರ ಓದಿ ಗೆಳೆಯರು ‘ಪೊಯಿಚಿ’ ಅಂದರು. ಆ ಅಡ್ಡಹೆಸರು ಇವತ್ತಿಗೂ ಹೋಗಿಲ್ಲ.

ಆಟಗಾರರಾಗಿ ಮೊರಿಯಾಸು ದೊಡ್ಡ ತಾರೆಯಲ್ಲ. ಜಪಾನ್ ಪರ 35 ಪಂದ್ಯ, ಒಂದೇ ಒಂದು ಗೋಲು. ಯುರೋಪಿನಲ್ಲಿ ಆಡಲಿಲ್ಲ, ವಿಶ್ವಕಪ್ ಕೂಡ ಆಡಲಿಲ್ಲ. ಅದೇ ಮನುಷ್ಯ ಕೋಚ್ ಆಗಿ ಜರ್ಮನಿಯನ್ನು ಎರಡು ಸಲ, ಸ್ಪೇನನ್ನು ಒಂದು ಸಲ, ಬ್ರೆಜಿಲನ್ನು ಒಂದು ಸಲ ಸೋಲಿಸಿದ್ದಾರೆ. ಇದು ಹೇಗಾಯಿತು ಅಂತ ಕೇಳಿದರೆ ಕೆಲವರು ಅದೃಷ್ಟ ಅನ್ನುತ್ತಾರೆ, ಕೆಲವರು ಜಪಾನಿನ ಶಿಸ್ತು ಅನ್ನುತ್ತಾರೆ. ಎರಡೂ ಸೋಮಾರಿ ಉತ್ತರಗಳು. ಅವರು ಮೈದಾನದಲ್ಲಿ ಯಾವ ಜಾಗದಲ್ಲಿ ನಿಂತು ಆಡುತ್ತಿದ್ದರು ಅನ್ನೋದನ್ನು ಹಿಡಿದುಕೊಂಡು ಹೋದರೆ ಉಳಿದದ್ದು ಹೆಚ್ಚುಕಡಿಮೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ ಅನ್ನೋದು ನನ್ನ ಲೆಕ್ಕ.

ಕಂಪನಿ ತಂಡದ ಹುಡುಗ

ಮೊರಿಯಾಸು ಹುಟ್ಟಿದ್ದು 1968ರ ಆಗಸ್ಟ್ 23ರಂದು, ಶಿಜುವೋಕಾ ಪ್ರಾಂತ್ಯದಲ್ಲಿ. ಬೆಳೆದದ್ದು ನಾಗಸಾಕಿಯಲ್ಲಿ. ಶಾಲೆ ಮುಗಿಸಿ 1987ರಲ್ಲಿ ಹಿರೋಶಿಮಾಕ್ಕೆ ಬಂದು ಮಾಜ್ದಾ ಕಾರು ಕಂಪನಿಯ ತಂಡ ಸೇರಿದರು.

ಆಗ ಜಪಾನಿನಲ್ಲಿ ವೃತ್ತಿಪರ ಲೀಗ್ ಇರಲಿಲ್ಲ. 1965ರಲ್ಲಿ ಶುರುವಾದ ರಾಷ್ಟ್ರೀಯ ಲೀಗಿನಲ್ಲಿ ಆಡುತ್ತಿದ್ದವು ಹೆಚ್ಚಾಗಿ ಕಂಪನಿ ತಂಡಗಳು: ಮಾಜ್ದಾ, ನಿಸ್ಸಾನ್, ಮಿತ್ಸುಬಿಶಿ, ಫುರುಕಾವಾ ಎಲೆಕ್ಟ್ರಿಕ್. ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ತಂಡಗಳ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಟಗಾರ ಅಂದರೆ ಮೊದಲು ನೌಕರ. ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕು, ಆಮೇಲೆ ಅಭ್ಯಾಸ.

ಆ ವರ್ಷ ತಂಡಕ್ಕೆ ಬಂದ ಹೊಸಬರಲ್ಲಿ ಮೊರಿಯಾಸು ಕೊನೆಯ ಸಾಲಿನವರು. ಉಳಿದವರಿಗೆ ಮಾಜ್ದಾದಲ್ಲೇ ಕೆಲಸ ಸಿಕ್ಕಿತು, ಇವರಿಗೆ ಸಿಕ್ಕಿದ್ದು ಅದರ ಅಂಗಸಂಸ್ಥೆಯಲ್ಲಿ. ಕರೆತಂದವರು ತಂಡದ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಾಜುವೋ ಇಮಾನಿಶಿ. ಹಿರೋಶಿಮಾದ ಅಣುಬಾಂಬಿಗೆ ನಾಲ್ಕು ವರ್ಷದ ಮಗುವಾಗಿದ್ದಾಗಲೇ ಸಿಕ್ಕಿ ಬದುಕಿ ಉಳಿದವರು. ಆಟ ಒಂದು ದಿನ ನಿಲ್ಲುತ್ತದೆ, ಅದಕ್ಕೇ ಆಟಗಾರನಾಗುವ ಮೊದಲು ಸಮಾಜದಲ್ಲಿ ಸರಿಯಾಗಿ ಬಾಳುವ ಮನುಷ್ಯನಾಗಬೇಕು ಅನ್ನೋದು ಅವರ ಪಟ್ಟು. ಮೊರಿಯಾಸು ಬಗ್ಗೆ ಬರೆಯುವವರೆಲ್ಲ ಅವರ ವಿನಯದ ಮಾತು ಎತ್ತುತ್ತಾರೆ. ಅದು ಹುಟ್ಟುಗುಣವೋ ಏನೋ, ಆದರೆ ಇಮಾನಿಶಿ ಅವರ ಕೈಕೆಳಗೆ ಅದಕ್ಕೆ ನೀರು ಗೊಬ್ಬರ ಸಿಕ್ಕಿದ್ದಂತೂ ನಿಜ.

ಮಾಜ್ದಾದಲ್ಲಿ ಆಗ ಕೋಚ್ ಆಗಿದ್ದವರು ಹಾನ್ಸ್ ಊಫ್ಟ್ ಎಂಬ ಡಚ್ಚರು. 1992ರಲ್ಲಿ ಇದೇ ಊಫ್ಟ್ ಜಪಾನ್ ತಂಡದ ಕೋಚ್ ಆದರು. ತಂಡದಲ್ಲಿ ಏನು ಕೊರತೆ ಅಂತ ಅವರಿಗೆ ಗೊತ್ತಿತ್ತು, ಅದನ್ನು ತುಂಬುವವರು ಯಾರು ಅಂತಲೂ ಗೊತ್ತಿತ್ತು. ಹೆಸರೇ ಓದಲಾಗದ ಆಟಗಾರನನ್ನು ಕರೆಸಿ ಮೊದಲ ಪಂದ್ಯದಲ್ಲೇ ಅರ್ಜೆಂಟೀನಾ ಎದುರು ಇಳಿಸಿದರು.

ಸ್ಟೀರಿಂಗ್ ಹಿಡಿಯುವವ

ಆ ಕೊರತೆಯ ಹೆಸರು ‘ಬೊರಾಂಚಿ’. ಪೋರ್ಚುಗೀಸಿನ ‘ವೊಲಾಂಚಿ’ ಜಪಾನೀಯರ ಬಾಯಲ್ಲಿ ಹೀಗಾಗಿದೆ. ಆ ಭಾಷೆಯಲ್ಲಿ ವೊಲಾಂಚಿ ಅಂದರೆ ಗಾಡಿಯ ಸ್ಟೀರಿಂಗ್. ಕಾರು ಕಂಪನಿಯ ತಂಡದಿಂದ ಬಂದವರಿಗೆ ಒಪ್ಪುವ ಪದವೇ! ಜಪಾನಿನಲ್ಲಿ ಈ ಪದ ಮನೆಮಾತಾಗಲು ಮೊರಿಯಾಸು ಅವರ ಆಟವೂ ಒಂದು ಕಾರಣ.

ಬೊರಾಂಚಿ ನಿಲ್ಲುವುದು ಡಿಫೆಂಡರ್‌ಗಳ ಮುಂದೆ, ಉಳಿದ ಮಿಡ್‌ಫೀಲ್ಡರ್‌ಗಳ ಹಿಂದೆ. ಎದುರಾಳಿಯ ಪಾಸ್ ಎಲ್ಲಿಗೆ ಬರುತ್ತದೆ ಅಂತ ಮೊದಲೇ ಊಹಿಸಿ ಅಲ್ಲಿ ನಿಂತಿರಬೇಕು. ಚೆಂಡು ಸಿಕ್ಕಿದರೆ ಹತ್ತಿರದವರಿಗೆ ಕೊಟ್ಟು ಸುಮ್ನೆ ಮುಂದಿನ ಜಾಗಕ್ಕೆ ಹೋಗಬೇಕು. ಸಹ ಆಟಗಾರ ಮುಂದೆ ನುಗ್ಗಿದಾಗ ಅವನು ಬಿಟ್ಟುಹೋದ ಜಾಗವನ್ನು ಮುಚ್ಚಬೇಕು. ಮದುವೆ ಮನೆಯಲ್ಲಿ ಬಡಿಸುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಮೂರನೇ ಪಂಕ್ತಿಗೆ ಸಾರು ಸಾಕಾಗುತ್ತದಾ ಅಂತ ಒಳಗೆ ಪಾತ್ರೆ ನೋಡಿಕೊಂಡು ನಿಂತವರು ಕಾಣುವುದಿಲ್ಲ. ಅವರಿಲ್ಲದ ದಿನ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ, ಅಲ್ವಾ?

ಆಗಿನ ಜಪಾನ್ ತಂಡದಲ್ಲಿ ಬಡಿಸುವವರು ಬೇಕಾದಷ್ಟಿದ್ದರು. ಬ್ರೆಜಿಲಿನಲ್ಲಿ ಹುಟ್ಟಿ ಜಪಾನಿನ ಪೌರತ್ವ ಪಡೆದ ರೂಯಿ ರಾಮೋಸ್ ಆಟ ಕಟ್ಟುತ್ತಿದ್ದರು, ಕಾಜುಯೋಶಿ ಮಿಯುರಾ ಗೋಲು ಹೊಡೆಯುತ್ತಿದ್ದರು. ಹಿಂದೆ ಪಾತ್ರೆ ಕಾಯುವವರು ಬಂದ ವರ್ಷವೇ, 1992ರಲ್ಲಿ, ಜಪಾನ್ ಮೊದಲ ಸಲ ಏಷ್ಯಾ ಕಪ್ ಗೆದ್ದಿತು. ಟೂರ್ನಿ ನಡೆದದ್ದು ಹಿರೋಶಿಮಾದಲ್ಲೇ. ಮುಂದಿನ ಮೇ ತಿಂಗಳಲ್ಲಿ ಜೆ ಲೀಗ್ ಶುರುವಾಯಿತು, ಫುಟ್‌ಬಾಲ್ ದೇಶದ ಹುಚ್ಚಾಯಿತು. ಉಳಿದದ್ದು ಒಂದೇ ಬಯಕೆ, 1994ರ ವಿಶ್ವಕಪ್. ಜಪಾನ್ ಅಲ್ಲಿಯವರೆಗೆ ಒಂದು ಸಲವೂ ವಿಶ್ವಕಪ್‌ಗೆ ಹೋಗಿರಲಿಲ್ಲ.

ದೋಹಾ, 1993

ಏಷ್ಯಾದ ಕೊನೆಯ ಸುತ್ತಿನಲ್ಲಿ ಆರು ತಂಡ. ಎಲ್ಲ ಪಂದ್ಯವೂ ಅಕ್ಟೋಬರ್‌ನ ಎರಡು ವಾರದಲ್ಲಿ ಕತಾರ್‌ನ ದೋಹಾದಲ್ಲೇ. ಮೊದಲ ಎರಡು ಸ್ಥಾನದವರಿಗೆ ವಿಶ್ವಕಪ್. ಗೆಲುವಿಗೆ ಆಗ ಎರಡು ಅಂಕ, ಡ್ರಾಗೆ ಒಂದು. ನಾಲ್ಕು ಪಂದ್ಯ ಮುಗಿದಾಗ ಜಪಾನ್ ಐದು ಅಂಕದೊಂದಿಗೆ ಪಟ್ಟಿಯ ಮೇಲಿತ್ತು. 28ರಂದು ಇರಾಕ್ ಎದುರಿನ ಕೊನೆಯ ಪಂದ್ಯ ಗೆದ್ದರೆ ಯಾರ ಫಲಿತಾಂಶವನ್ನೂ ಕಾಯಬೇಕಿಲ್ಲ.

ಐದನೇ ನಿಮಿಷದಲ್ಲಿ ಮಿಯುರಾ ಗೋಲು. ವಿರಾಮದ ನಂತರ ಇರಾಕಿನ ಅಹ್ಮದ್ ರಾಧಿ ಸಮ ಮಾಡಿದರು. 69ನೇ ನಿಮಿಷದಲ್ಲಿ ಮಾಸಾಶಿ ನಕಾಯಾಮಾ ಮತ್ತೆ ಜಪಾನನ್ನು ಮುಂದೆ ತಂದರು. 90 ನಿಮಿಷ ಆಯಿತು, ಜಪಾನ್ 2–1.

ಇಲ್ಲಿಂದ ಮುಂದಿನದನ್ನು ಜಪಾನೀಯರು ಮೂವತ್ತು ವರ್ಷದಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಮುಂದಿರುವ ತಂಡ ಇಂಥ ಹೊತ್ತಿನಲ್ಲಿ ಚೆಂಡನ್ನು ಮೂಲೆಯ ಬಾವುಟದ ಹತ್ತಿರ ಒಯ್ದು ಅಲ್ಲೇ ಕಾಯುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಗಡಿಯಾರ ಓಡುತ್ತಿರುತ್ತದೆ. ಜಪಾನ್ ಆಟಗಾರರು ಹಾಗೆ ಮಾಡದೆ ಚೆಂಡನ್ನು ಮತ್ತೆ ಗೋಲಿನ ಕಡೆಗೆ ಕಳಿಸಿ ಕಳೆದುಕೊಂಡರು. ಇರಾಕ್ ನುಗ್ಗಿ ಬಂದು ಕಾರ್ನರ್ ಪಡೆಯಿತು. ಕಾರ್ನರನ್ನು ನೇರ ಎತ್ತಿ ಹೊಡೆಯಲಿಲ್ಲ, ಹತ್ತಿರದವನಿಗೆ ಸಣ್ಣ ಪಾಸ್ ಕೊಟ್ಟರು. ತಡೆಯಲು ಓಡಿದ ಮಿಯುರಾ ತಪ್ಪಿದರು. ಕ್ರಾಸ್ ಬಂತು, ಜಾಫರ್ ಒಮ್ರಾನ್ ತಲೆ ಕೊಟ್ಟರು, ಚೆಂಡು ಗೋಲ್‌ಕೀಪರ್ ಮೇಲಿಂದ ಒಳಗೆ ಹೋಯಿತು. 2–2.

ಅದೇ ಹೊತ್ತಿಗೆ ಇನ್ನೊಂದು ಮೈದಾನದಲ್ಲಿ ದಕ್ಷಿಣ ಕೊರಿಯಾ ಉತ್ತರ ಕೊರಿಯಾವನ್ನು 3–0 ಸೋಲಿಸಿತ್ತು. ಜಪಾನಿಗೂ ಕೊರಿಯಾಕ್ಕೂ ಆರಾರು ಅಂಕ. ಗೋಲು ವ್ಯತ್ಯಾಸ ಕೊರಿಯಾಕ್ಕೆ ಐದು, ಜಪಾನಿಗೆ ಮೂರು. ಸೌದಿ ಅರೇಬಿಯಾ ಜೊತೆ ಕೊರಿಯಾ ವಿಶ್ವಕಪ್ ನಡೆಯಲಿದ್ದ ಅಮೆರಿಕಕ್ಕೆ ಹೋಯಿತು. ಕೊರಿಯನ್ನರು ಇದನ್ನು ‘ದೋಹಾದ ಪವಾಡ’ ಅನ್ನುತ್ತಾರೆ, ಜಪಾನೀಯರು ‘ದೋಹಾದ ದುರಂತ’ ಅನ್ನುತ್ತಾರೆ.

ಆ ಕೊನೆಯ ಗೋಲು ಬಿದ್ದಾಗ ಮೊರಿಯಾಸು ಮೈದಾನದಲ್ಲಿದ್ದರು. ಅವರ ಆಟದ ಬದುಕಿನಲ್ಲಿ ವಿಶ್ವಕಪ್‌ಗೆ ಅಷ್ಟು ಹತ್ತಿರ ಹೋದದ್ದು ಅದೇ ಮೊದಲು, ಅದೇ ಕೊನೆ. 1998ರಲ್ಲಿ ಜಪಾನ್ ಕಡೆಗೂ ವಿಶ್ವಕಪ್‌ಗೆ ಹೋದಾಗ ತಂಡದಲ್ಲಿ ಅವರಿರಲಿಲ್ಲ. ಹಿರೋಶಿಮಾ, ನಡುವೆ ಕ್ಯೋಟೋ, ಕೊನೆಗೆ ಸೆಂಡೈನಲ್ಲಿ ಆಡಿ 2003ರ ಋತು ಮುಗಿಸಿ ನಿವೃತ್ತರಾದರು.

ಮೂರು ಬಾಣ

ಜಪಾನಿನಲ್ಲಿ ಎಷ್ಟೇ ದೊಡ್ಡ ಆಟಗಾರನಾದರೂ ಬೂಟು ಬಿಚ್ಚಿದ ಮರುದಿನ ಕೋಚ್ ಆಗುವ ಹಾಗಿಲ್ಲ. ಮಕ್ಕಳಿಗೆ ಕಲಿಸುವ ಕೆಳಗಿನ ಹಂತದಿಂದ ಮೇಲಿನವರೆಗೆ ಲೈಸೆನ್ಸಿನ ಮೆಟ್ಟಿಲುಗಳಿವೆ. ಜೆ ಲೀಗ್ ತಂಡದ ಹೊಣೆ ಹೊರಲು ಎಲ್ಲಕ್ಕಿಂತ ಮೇಲಿನದು ಬೇಕು. ಅದನ್ನು ಆಗ ‘ಎಸ್ ದರ್ಜೆ’ ಅನ್ನುತ್ತಿದ್ದರು. ಮೊರಿಯಾಸು ಈ ಮೆಟ್ಟಿಲು ಹತ್ತುತ್ತಲೇ ಹಿರೋಶಿಮಾದಲ್ಲಿ, ದೇಶದ ಕಿರಿಯರ ತಂಡದಲ್ಲಿ, ನೀಗಾತಾದಲ್ಲಿ ಬೇರೆಯವರ ಕೈಕೆಳಗೆ ಎಂಟು ವರ್ಷ ದುಡಿದರು. ಬೊರಾಂಚಿಗೆ ಹೊಸ ಅನುಭವ ಏನಲ್ಲ.

2012ರಲ್ಲಿ ಹಿರೋಶಿಮಾ ತಂಡ ಅವರ ಕೈಗೆ ಬಂತು. ಮಾಜ್ದಾ ತಂಡ ಜೆ ಲೀಗ್ ಬಂದಾಗ ಸಾನ್‌ಫ್ರೆಚೆ ಅಂತ ಹೆಸರು ಬದಲಿಸಿಕೊಂಡಿತ್ತು. ‘ಸಾನ್’ ಅಂದರೆ ಜಪಾನಿಯಲ್ಲಿ ಮೂರು, ‘ಫ್ರೆಚೆ’ ಅಂದರೆ ಇಟಾಲಿಯನ್‌ನಲ್ಲಿ ಬಾಣಗಳು. ಆ ಸೀಮೆಯ ಹಳೆಯ ದೊರೆ ಮೋರಿ ಮೊತೊನಾರಿ ತನ್ನ ಮೂವರು ಮಕ್ಕಳಿಗೆ ಒಂದು ಬಾಣ ಮುರಿಯಬಹುದು, ಮೂರು ಸೇರಿದರೆ ಮುರಿಯಲಾಗದು ಅಂತ ತೋರಿಸಿದ ಕತೆ ಅದು. ನಮ್ಮಲ್ಲಿ ಬಾಣದ ಬದಲು ಕಟ್ಟಿಗೆಯ ಹೊರೆ, ಅಷ್ಟೇ ವ್ಯತ್ಯಾಸ.

ಕ್ಲಬ್ ಹಣದ ಮುಗ್ಗಟ್ಟಿನಲ್ಲಿತ್ತು. ಹಿಂದಿನ ಕೋಚ್ ಮಿಹಾಯ್ಲೊ ಪೆಟ್ರೊವಿಚ್ ಶ್ರೀಮಂತ ಕ್ಲಬ್ ಉರಾವಾ ರೆಡ್ಸ್‌ಗೆ ಹೋದರು. ಒಬ್ಬೊಬ್ಬರಾಗಿ ಆಟಗಾರರೂ ಅದೇ ದಾರಿ ಹಿಡಿದರು: ಮೊರಿವಾಕಿ, ಆಮೇಲೆ ಗೋಲ್‌ಕೀಪರ್ ನಿಶಿಕಾವಾ. ಉರಾವಾದವರು ಕೋಚನ್ನೂ ಒಯ್ದರು, ಆಟಗಾರರನ್ನೂ ಒಯ್ದರು. ಕಪ್ ಮಾತ್ರ ಹಿರೋಶಿಮಾದಲ್ಲೇ ಉಳಿಯಿತು. 2012, 2013, 2015, ನಾಲ್ಕು ವರ್ಷದಲ್ಲಿ ಮೂರು ಸಲ! ಅದಕ್ಕೆ ಮೊದಲು ಈ ಕ್ಲಬ್ ಜೆ ಲೀಗ್ ಗೆದ್ದೇ ಇರಲಿಲ್ಲ.

ಪೆಟ್ರೊವಿಚ್ ಬಿಟ್ಟುಹೋದ ಆಟದ ಕ್ರಮ ವಿಚಿತ್ರವಾದದ್ದು. ಕಾಗದದ ಮೇಲೆ 3-4-2-1, ಅಂದರೆ ಹಿಂದೆ ಮೂವರು, ನಡುವೆ ನಾಲ್ವರು, ಅವರ ಮುಂದೆ ಇಬ್ಬರು, ತುದಿಯಲ್ಲಿ ಒಬ್ಬರು. ಚೆಂಡು ತಮ್ಮ ಕಾಲಲ್ಲಿದ್ದರೆ ಒಬ್ಬ ಬೊರಾಂಚಿ ಹಿಂದಕ್ಕಿಳಿದು ಡಿಫೆಂಡರ್‌ಗಳ ಜೊತೆ ಸೇರುತ್ತಾನೆ. ಎರಡೂ ಅಂಚಿನವರು ಮುಂದೆ ಓಡುತ್ತಾರೆ. ಈಗ ಹಿಂದೆ ನಾಲ್ವರು, ನಡುವೆ ಒಬ್ಬ, ಮುಂದೆ ಐವರು. ನಾಲ್ವರು ಡಿಫೆಂಡರ್ ಇರುವ ಎದುರಾಳಿಗೆ ಐವರನ್ನು ಹೇಗೆ ಹಂಚಿಕೊಳ್ಳೋದು ಅನ್ನೋದೇ ತಲೆನೋವು. ಒಬ್ಬ ಯಾವಾಗಲೂ ಬಿಡುವಾಗಿ ಸಿಗುತ್ತಾನೆ. ಚೆಂಡು ಹೋಯಿತೋ, ಅಂಚಿನವರು ಹಿಂದೆ ಓಡಿ ಬಂದು ಐವರ ಸಾಲು ಕಟ್ಟಬೇಕು.

ಎಡವಟ್ಟು ಇರುವುದೂ ಅಲ್ಲೇ. ಚೆಂಡು ಕಳೆದುಕೊಂಡ ಆ ನಾಲ್ಕೈದು ಸೆಕೆಂಡ್ ನಡುಮೈದಾನ ಖಾಲಿ. ಪೆಟ್ರೊವಿಚ್ ತಂಡ ಚೆನ್ನಾಗಿ ಆಡುತ್ತಿತ್ತು, ಗೋಲನ್ನೂ ಧಾರಾಳವಾಗಿ ಬಿಟ್ಟುಕೊಡುತ್ತಿತ್ತು. ಹೊಸ ಕೋಚ್ ಬಂದರೆ ಸಾಮಾನ್ಯವಾಗಿ ಹಳೆಯದನ್ನೆಲ್ಲ ಕಿತ್ತು ಹಾಕುತ್ತಾರೆ. ಮೊರಿಯಾಸು ಮುಂದಿನ ಐವರನ್ನು ಮುಟ್ಟಲೇ ಇಲ್ಲ. ಚೆಂಡು ಹೋದ ಕ್ಷಣ ಯಾರು ಎಲ್ಲಿಗೆ ಓಡಿ ಬರಬೇಕು ಅನ್ನೋದನ್ನು ತಿದ್ದಿದರು. ತಾನು ಬದುಕಿಡೀ ಮಾಡಿದ ಕೆಲಸವನ್ನು ಹನ್ನೊಂದು ಜನಕ್ಕೂ ಹಂಚಿದರು ಅನ್ನಬಹುದು. 2013ರ 34 ಪಂದ್ಯಗಳಲ್ಲಿ ಹಿರೋಶಿಮಾ ಬಿಟ್ಟುಕೊಟ್ಟದ್ದು 29 ಗೋಲು. ಲೀಗಿನಲ್ಲೇ ಅತಿ ಕಡಿಮೆ.

ಆಮೇಲೆ ಇಳಿಗಾಲ ಬಂತು. ವರ್ಷವರ್ಷ ಆಟಗಾರರು ಹೋಗುತ್ತಿದ್ದರೆ ಯಾವ ತಂಡ ತಾನೇ ತಡೆದೀತು? 2017ರ ಜುಲೈನಲ್ಲಿ, ತಂಡ ಕೆಳಗಿನ ಡಿವಿಷನ್‌ಗೆ ಜಾರುವ ಹಂತದಲ್ಲಿದ್ದಾಗ, ರಾಜೀನಾಮೆ ಕೊಟ್ಟರು. ಕೆಲವೇ ತಿಂಗಳಲ್ಲಿ ಟೋಕಿಯೊ ಒಲಿಂಪಿಕ್ಸ್ ತಂಡದ ಹೊಣೆ ಬಂತು.

ಕೆಲವೇ ದಿನದ ಕೋಚ್

ಕ್ಲಬ್ ಕೋಚ್‌ಗೂ ರಾಷ್ಟ್ರೀಯ ತಂಡದ ಕೋಚ್‌ಗೂ ಇರುವ ಅಂತರ ದೊಡ್ಡದು. ಕ್ಲಬ್‌ನಲ್ಲಿ ಆಟಗಾರರು ದಿನವೂ ಕೈಗೆ ಸಿಗುತ್ತಾರೆ. ದೇಶದ ತಂಡದಲ್ಲಿ ಕೆಲವು ತಿಂಗಳಿಗೊಮ್ಮೆ, ಅದೂ ಕೆಲವೇ ದಿನ. ಜಪಾನಿನ ಮುಖ್ಯ ಆಟಗಾರರೆಲ್ಲ ಈಗ ಯುರೋಪಿನಲ್ಲಿ ಇದ್ದಾರೆ. ಹತ್ತಾರು ಗಂಟೆ ವಿಮಾನದಲ್ಲಿ ಕೂತು ಬರುತ್ತಾರೆ, ನಿದ್ದೆ ಸರಿಹೋಗುವ ಹೊತ್ತಿಗೆ ಪಂದ್ಯ. ಹಿರೋಶಿಮಾದ ಹಾಗೆ ಯಾರು ಎಲ್ಲಿ ಓಡಬೇಕು ಅಂತ ಅಂಗುಲ ಅಂಗುಲ ಕಲಿಸಲು ಇಲ್ಲಿ ಪುರುಸೊತ್ತಿಲ್ಲ. ಕೋಚ್ ಮಾಡಬಹುದಾದದ್ದು ಸರಿಯಾದವರನ್ನು ಆರಿಸೋದು, ಅವರ ನಡುವೆ ಒಪ್ಪಂದ ಮೂಡಿಸೋದು, ಪಂದ್ಯ ಕೈತಪ್ಪುವಾಗ ಬೇಗ ನಿರ್ಧಾರ ತಗೊಳ್ಳೋದು.

2018ರ ವಿಶ್ವಕಪ್‌ನಲ್ಲಿ ಅವರು ಅಕಿರಾ ನಿಶಿನೋ ಅವರ ಸಹಾಯಕರು. ಬೆಲ್ಜಿಯಂ ಎದುರು ಜಪಾನ್ 2–0 ಮುಂದಿತ್ತು. ಆಮೇಲೆ 2–2 ಆಯಿತು. ಇಂಜುರಿ ಟೈಮಿನಲ್ಲಿ, ಅಂದರೆ 90 ನಿಮಿಷದ ಮೇಲೆ ಸೇರಿಸುವ ಹೊತ್ತಿನಲ್ಲಿ, ಜಪಾನಿಗೇ ಕಾರ್ನರ್ ಸಿಕ್ಕಿತು. ಬೆಲ್ಜಿಯಂ ಗೋಲ್‌ಕೀಪರ್ ಅದನ್ನು ಹಿಡಿದು ಮುಂದಕ್ಕೆ ಉರುಳಿಸಿದರು. ಕೆಲವೇ ಸೆಕೆಂಡಿನಲ್ಲಿ ಚೆಂಡು ಮೈದಾನದ ಆ ತುದಿಯಲ್ಲಿ, ಜಪಾನಿನ ಗೋಲಿನೊಳಗೆ. 3–2. ಕಾರ್ನರ್, ಇಂಜುರಿ ಟೈಮ್, ಬೆಂಚಿನಲ್ಲಿ ಮೊರಿಯಾಸು. ಆ ಜುಲೈನಲ್ಲೇ ಅವರನ್ನು ಮುಖ್ಯ ಕೋಚ್ ಮಾಡಿದರು, ಒಲಿಂಪಿಕ್ಸ್ ತಂಡವೂ ಅವರ ಹತ್ತಿರವೇ ಉಳಿಯಿತು.

ಶುರುವಿನ ವರ್ಷಗಳು ಸಪ್ಪೆಯಾಗಿದ್ದವು. 2019ರ ಏಷ್ಯಾ ಕಪ್ ಫೈನಲ್‌ನಲ್ಲಿ ಕತಾರ್ ಎದುರು 3–1 ಸೋಲು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 2021ರಲ್ಲಿ ವಿಶ್ವಕಪ್ ಅರ್ಹತೆಯ ಕೊನೆಯ ಸುತ್ತಿನ ಮೊದಲ ಮೂರು ಪಂದ್ಯದಲ್ಲಿ ಎರಡು ಸೋಲು, ಅದರಲ್ಲೊಂದು ತವರಿನಲ್ಲಿ ಓಮನ್ ಎದುರು. ಅಕ್ಟೋಬರ್ 12ರಂದು ಸೈತಾಮಾದಲ್ಲಿ ಆಸ್ಟ್ರೇಲಿಯಾ ಬಂದಿತ್ತು. ಸೋತರೆ ಕೆಲಸ ಹೋಗುತ್ತದೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ರಾಷ್ಟ್ರಗೀತೆಯ ಹೊತ್ತಿಗೆ ಮೊರಿಯಾಸು ಕಣ್ಣಲ್ಲಿ ನೀರಿತ್ತು, ಟಿವಿಯಲ್ಲಿ ದೇಶವೇ ನೋಡಿತು. 1–1 ಇದ್ದಾಗ, 86ನೇ ನಿಮಿಷದಲ್ಲಿ, ಬದಲಿಯಾಗಿ ಬಂದಿದ್ದ ತಾಕುಮಾ ಅಸಾನೋ ಎಡಗಡೆಯಿಂದ ಹೊಡೆದ ಚೆಂಡು ಗೋಲ್‌ಕೀಪರ್ ಕೈಗೆ, ಕಂಬಕ್ಕೆ, ಕೊನೆಗೆ ಆಸ್ಟ್ರೇಲಿಯಾದ ಆಟಗಾರನಿಗೇ ತಾಗಿ ಒಳಗೆ ಹೋಯಿತು. ಕೆಲಸ ಉಳಿಯಿತು.

ಈ ಅಸಾನೋ ಹೆಸರು ನೆನಪಿರಲಿ. ಹಿರೋಶಿಮಾದಲ್ಲಿ ಮೊರಿಯಾಸು ಬೆಳೆಸಿದ ಹುಡುಗ. 2015ರ ಲೀಗ್ ಫೈನಲ್‌ನಲ್ಲಿ ಬದಲಿಯಾಗಿ ಬಂದು ತಲೆಯಿಂದ ಗೋಲು ಹೊಡೆದವರು. ಚೆಂಡು ಹಿಡಿತದಲ್ಲಿಡುವುದರಲ್ಲಿ ನಾಜೂಕು ಕಡಿಮೆ, ಓಟ ಮಾತ್ರ ಭಯಂಕರ. 2022ರ ಸೆಪ್ಟೆಂಬರ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡರು. ವಿಶ್ವಕಪ್‌ಗೆ ಎರಡೇ ತಿಂಗಳು. ಆದರೂ ಮೊರಿಯಾಸು ಪಟ್ಟಿಯಲ್ಲಿ ಅವರ ಹೆಸರಿತ್ತು. ಹಳೇ ಶಿಷ್ಯನ ಮೇಲೆ ಮಮಕಾರ ಅಂತ ಜನ ಆಡಿಕೊಂಡರು.

ಮತ್ತೆ ದೋಹಾ

2022ರ ವಿಶ್ವಕಪ್ ಕತಾರ್‌ನಲ್ಲಿ. ನವೆಂಬರ್ 23, ಖಲೀಫಾ ಕ್ರೀಡಾಂಗಣ, ಎದುರಿಗೆ ಜರ್ಮನಿ.

ಮೊದಲರ್ಧ ಜಪಾನ್ ಚೆಂಡಿನ ಹಿಂದೆ ಬರೀ ಓಡಿತು. ಪೆನಾಲ್ಟಿಯಿಂದ ಗುಂಡೊವಾನ್ ಗೋಲು, 1–0. ಇನ್ನೂ ಎರಡು ಬಿದ್ದಿದ್ದರೂ ಅಚ್ಚರಿಯಿರಲಿಲ್ಲ. ವಿರಾಮದಲ್ಲಿ ಮೊರಿಯಾಸು ದಾಳಿಯ ಆಟಗಾರ ಕುಬೋ ಅವರನ್ನು ತೆಗೆದು ಡಿಫೆಂಡರ್ ತೊಮಿಯಾಸು ಅವರನ್ನು ಹಾಕಿದರು. ಹಿಂದಿದ್ದ ನಾಲ್ವರ ಸಾಲು ಮೂವರ ಸಾಲಾಯಿತು. ಸೋಲುತ್ತಿರುವಾಗ ಡಿಫೆಂಡರ್ ಹಾಕುವುದು ತಲೆಕೆಳಗು ಲೆಕ್ಕ ಅನ್ನಿಸುತ್ತದೆ. ಆದರೆ ಹಿಂದೆ ಮೂವರು ಗಟ್ಟಿ ನಿಂತರೆ ಅಂಚಿನವರು ಧೈರ್ಯವಾಗಿ ಮುಂದೆ ಹೋಗಬಹುದು, ಜರ್ಮನಿಯ ಪ್ರತಿ ಆಟಗಾರನಿಗೂ ಎದುರು ಒಬ್ಬ ಜಪಾನಿ ಸಿಗುತ್ತಾನೆ. ಹಿರೋಶಿಮಾದ ಹಳೇ 3-4-2-1 ವಾಪಸ್ ಬಂದಿತ್ತು.

ಎರಡನೇ ಲೆಕ್ಕ ಬದಲಿಗಳದ್ದು. ಪುರುಷರ ವಿಶ್ವಕಪ್‌ನಲ್ಲಿ ಐದು ಬದಲಿಗೆ ಅವಕಾಶ ಸಿಕ್ಕಿದ್ದು ಅದೇ ಮೊದಲು, ಹಿಂದೆಲ್ಲ ಸಾಮಾನ್ಯವಾಗಿ ಮೂರೇ. ಐದು ಅಂದರೆ ಹೆಚ್ಚುಕಡಿಮೆ ಅರ್ಧ ತಂಡ. ಮೊರಿಯಾಸು ಇದನ್ನು ದಣಿದವರ ಜಾಗ ತುಂಬಲು ಬಳಸಲಿಲ್ಲ. ಚುರುಕಿನವರನ್ನು ಬೇಕಂತಲೇ ಹೊರಗೆ ಕೂರಿಸಿ, ಎದುರಾಳಿ ಸುಸ್ತಾದ ಮೇಲೆ ಬಿಟ್ಟರು. 57ನೇ ನಿಮಿಷಕ್ಕೆ ಮಿತೋಮಾ ಮತ್ತು ಅಸಾನೋ, 71ಕ್ಕೆ ದೋವಾನ್, 75ಕ್ಕೆ ಮಿನಾಮಿನೋ. 75ನೇ ನಿಮಿಷದಲ್ಲೇ ಮಿತೋಮಾ ಕೊಟ್ಟ ಪಾಸನ್ನು ಮಿನಾಮಿನೋ ಗೋಲಿನ ಕಡೆ ಹೊಡೆದರು, ಜರ್ಮನಿಯ ಗೋಲ್‌ಕೀಪರ್ ನೋಯರ್ ತಡೆದರು, ಎದುರಿಗೆ ಬಿದ್ದ ಚೆಂಡನ್ನು ದೋವಾನ್ ಒಳಗೆ ಹಾಕಿದರು. ಮೂವರೂ ಬೆಂಚಿನಿಂದ ಬಂದವರು! 83ನೇ ನಿಮಿಷದಲ್ಲಿ ಹಿಂದಿನಿಂದ ಇತಾಕುರಾ ಉದ್ದಕ್ಕೆ ಹೊಡೆದ ಚೆಂಡು ಅಸಾನೋ ಕಾಲಿಗೆ ಬಂತು. ನಾಜೂಕಿಲ್ಲ ಅಂತ ಬೈಸಿಕೊಂಡ ಕಾಲಿಗೆ ಅದು ಅಂಟಿಕೊಂಡಿತು. ಕೋನವೇ ಇಲ್ಲದ ಜಾಗದಿಂದ ನೋಯರ್ ತಲೆ ಮೇಲೆ ಹೊಡೆದರು. 2–1.

ನಾಲ್ಕು ದಿನ ಬಿಟ್ಟು ಕೋಸ್ಟಾರಿಕಾ ಎದುರು ಐವರನ್ನು ಬದಲಿಸಿ ಆಡಿಸಿದರು, 1–0 ಸೋತರು. ಹಾಡಿ ಹೊಗಳಿದವರೇ ಶಾಪ ಹಾಕಿದರು.

ಡಿಸೆಂಬರ್ 1ರಂದು ಸ್ಪೇನ್. ಜರ್ಮನಿಯ ಆಂಟ್‌ರಾಖ್ಟ್ ಫ್ರಾಂಕ್‌ಫರ್ಟ್ ಕ್ಲಬ್‌ನ ಕಾಮಾದಾ, ತಮ್ಮ ತಂಡ ಬಾರ್ಸಿಲೋನಾವನ್ನು ಸೋಲಿಸಿದ ಬಗೆ ವಿವರಿಸಿದರಂತೆ. ಪಂದ್ಯಕ್ಕೆ ಸ್ವಲ್ಪವೇ ಮೊದಲು ಆಟದ ಕ್ರಮ ಬದಲಾಯಿತು ಅಂತ ಆಗ ವರದಿಯಾಗಿತ್ತು. ಆಟಗಾರನ ಮಾತು ಕೇಳಿ ಯೋಜನೆ ಬದಲಿಸಿದರೆ ಕೋಚ್‌ಗೆ ಸ್ವಂತ ಬುದ್ಧಿ ಇಲ್ಲವೇ ಅಂತ ಕೇಳುವವರು ಜಪಾನಿನಲ್ಲೂ ಇದ್ದಾರೆ. ನನಗೆ ಅದು ಬೊರಾಂಚಿಯ ಬುದ್ಧಿ ಅನ್ನಿಸುತ್ತದೆ. ಚೆಂಡು ಚೆನ್ನಾಗಿ ಆಡುವವರಿಗೆ ಕೊಟ್ಟು ತಾನು ಹಿಂದಿನ ಜಾಗ ಮುಚ್ಚೋದು.

ಆ ಪಂದ್ಯದಲ್ಲಿ ಚೆಂಡು ಜಪಾನಿನ ಹತ್ತಿರ ಇದ್ದದ್ದು ಶೇ 18ಕ್ಕಿಂತ ಕಡಿಮೆ ಹೊತ್ತು. ಮೊರಾಟಾ ಗೋಲಿನಿಂದ ಹಿಂದೆ ಬಿದ್ದು, ವಿರಾಮ ಮುಗಿದ ತಕ್ಷಣ ದೋವಾನ್ ಹೊಡೆದರು. ಮೂರು ನಿಮಿಷದಲ್ಲಿ ಇನ್ನೊಂದು. ಗೋಲುಗೆರೆಯ ಪಕ್ಕದಲ್ಲಿ ಹೊರಗೆ ಹೋಗುತ್ತಿದ್ದ ಚೆಂಡನ್ನು ಮಿತೋಮಾ ಒಳಕ್ಕೆ ಎಳೆದರು, ತನಾಕಾ ತಳ್ಳಿದರು. ಚೆಂಡು ಹೊರಗೆ ಹೋಗಿತ್ತು ಅಂತ ಲೋಕವೆಲ್ಲ ಜಗಳ. ನಿಯಮ ಸರಳ: ಇಡೀ ಚೆಂಡು ಇಡೀ ಗೆರೆಯನ್ನು ದಾಟಿರಬೇಕು. ಚೆಂಡು ಗುಂಡಗಿದೆ, ನೆಲಕ್ಕೆ ತಾಗುವುದು ಅದರ ಒಂದು ಚುಕ್ಕೆಯಷ್ಟು ಜಾಗ. ಆ ಚುಕ್ಕೆ ಗೆರೆಯ ಆಚೆಗಿದ್ದರೂ ಉಬ್ಬಿದ ಹೊಟ್ಟೆ ಗೆರೆಯ ಮೇಲೆ ಇರಬಹುದು. ಅದಕ್ಕೇ ಪಕ್ಕದಿಂದ ತೆಗೆದ ಫೋಟೊದಲ್ಲಿ ನಡುವೆ ಹಸಿರು ಕಾಣುತ್ತಿತ್ತು. ನೇರ ಮೇಲಿಂದ ನೋಡಿದರೆ ಚೆಂಡಿನ ಅಂಚು ಗೆರೆಯ ಮೇಲಿತ್ತು, 1.88 ಮಿಲಿಮೀಟರ್‌ನಷ್ಟು ಅಂತ ಸುದ್ದಿಯಾಯಿತು.

ಕೊನೆಯ ನಿಮಿಷ ಬಂದಾಗ ತಮಗೆ 1993 ನೆನಪಾಯಿತು ಅಂತ ಮೊರಿಯಾಸು ಪಂದ್ಯದ ಬಳಿಕ ಹೇಳಿದರು. ಆದರೆ ಅದೇ ಕ್ಷಣ ಹುಡುಗರು ಹಿಂದೆ ಸರಿಯದೆ ಮುಂದೆ ನುಗ್ಗಿ ಚೆಂಡು ಕಸಿಯುತ್ತಿದ್ದರು, ಕಾಲ ಬದಲಾಗಿದೆ ಅನ್ನಿಸಿತು ಅಂದರು. ಜಪಾನ್ ಗುಂಪಿನ ಮೊದಲ ಸ್ಥಾನ ಪಡೆಯಿತು, ಜರ್ಮನಿ ಮನೆಗೆ ಹೋಯಿತು.

ಮುಂದಿನ ಸುತ್ತಿನಲ್ಲಿ ಕ್ರೊಯೇಷಿಯಾ, 1–1, ಪೆನಾಲ್ಟಿ ಶೂಟೌಟ್. ಯಾರು ಹೊಡೆಯುತ್ತೀರಿ ಅಂತ ಮೊರಿಯಾಸು ಆಟಗಾರರನ್ನೇ ಕೇಳಿದರು, ಮುಂದೆ ಬಂದವರು ಹೊಡೆದರು. ಮಿನಾಮಿನೋ, ಮಿತೋಮಾ, ಯೋಶಿದಾ, ಮೂವರ ಹೊಡೆತವನ್ನೂ ಕ್ರೊಯೇಷಿಯಾದ ಗೋಲ್‌ಕೀಪರ್ ಲಿವಾಕೊವಿಚ್ ತಡೆದರು. ಅಸಾನೋ ಒಬ್ಬರದ್ದು ಒಳಗೆ ಹೋಯಿತು. ಕೇಳುವ ಗುಣಕ್ಕೂ ಒಂದು ಮಿತಿ ಇರಬೇಕು. ಕಾಲು ನಡುಗುವ ಹೊತ್ತಿನಲ್ಲಿ ನಿರ್ಧಾರದ ಭಾರವನ್ನು ಕೋಚ್ ಹೊರಬೇಕಿತ್ತು. ಅವರ ಬಗ್ಗೆ ನನಗಿರುವ ದೊಡ್ಡ ತಕರಾರು ಇದೇ. ಪಂದ್ಯ ಮುಗಿದ ಮೇಲೆ, ಕೈಯಲ್ಲಿ ಸದಾ ಇರುತ್ತಿದ್ದ ನೋಟ್‌ಬುಕ್ಕಿನ ಆ ಮನುಷ್ಯ, ಅಭಿಮಾನಿಗಳ ಎದುರು ಸೊಂಟ ಬಾಗಿಸಿ ಬಹಳ ಹೊತ್ತು ನಮಸ್ಕರಿಸಿ ನಿಂತರು. ಆ ಚಿತ್ರ ಲೋಕವೆಲ್ಲ ಓಡಾಡಿತು.

ಗೆರೆ ನೇರವಾಗಿಲ್ಲ

ಜಪಾನ್ ತಂಡದ ಕೋಚ್‌ಗಳು ವಿಶ್ವಕಪ್ ಮುಗಿದ ಮೇಲೆ ಮನೆಗೆ ಹೋಗುವುದು ರೂಢಿ. ಮೊರಿಯಾಸು ಅವರನ್ನು ಉಳಿಸಿಕೊಂಡರು. 2023ರ ಸೆಪ್ಟೆಂಬರ್‌ನಲ್ಲಿ ವುಲ್ಫ್ಸ್‌ಬರ್ಗ್‌ನಲ್ಲಿ ಜರ್ಮನಿಯನ್ನು ಅದರ ಮನೆಯಲ್ಲೇ 4–1 ಸೋಲಿಸಿದರು. ಮರುದಿನ ಜರ್ಮನಿ ತನ್ನ ಕೋಚ್ ಹಾನ್ಸಿ ಫ್ಲಿಕ್ ಅವರನ್ನು ಕೆಲಸದಿಂದ ತೆಗೆಯಿತು.

ಇಲ್ಲಿಗೆ ಕತೆ ಮುಗಿದಿದ್ದರೆ ಸಿನಿಮಾ ಥರ ಇರುತ್ತಿತ್ತು. ಆದರೆ 2024ರ ಜನವರಿಯಲ್ಲಿ ಏಷ್ಯಾ ಕಪ್ ಮತ್ತೆ ಕತಾರ್‌ಗೆ ಬಂತು, ಗುಂಪಿನಲ್ಲಿ ಮತ್ತೆ ಇರಾಕ್. ಜಪಾನ್ 2–1 ಸೋತಿತು. (ದೋಹಾದಲ್ಲಿ ಇರಾಕಿನವರ ಕೈಲಿ ಸೋಲುವ ರುಚಿ ನಮಗೂ ಗೊತ್ತಿದೆ. 2016ರ ಎಎಫ್‌ಸಿ ಕಪ್ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಅಲ್ಲೇ ಇರಾಕಿನ ಏರ್ ಫೋರ್ಸ್ ತಂಡಕ್ಕೆ 1–0 ಸೋತಿತ್ತು.) ಕ್ವಾರ್ಟರ್ ಫೈನಲ್‌ನಲ್ಲಿ ಇರಾನ್ ಎದುರು ಜಪಾನೇ ಮೊದಲು ಗೋಲು ಹೊಡೆಯಿತು. 1–1 ಆಯಿತು. ಇಂಜುರಿ ಟೈಮಿನ ಆರನೇ ನಿಮಿಷದಲ್ಲಿ ಇರಾನಿಗೆ ಪೆನಾಲ್ಟಿ. 2–1. ಆ ಟೂರ್ನಿಯಲ್ಲಿ ಮೊರಿಯಾಸು ಬದಲಿಗಳನ್ನು ಹಾಕಲು ತಡಮಾಡಿದರು ಅಂತ ಟೀಕೆ ಬಂತು. ಸುಮಾರು ಒಂದು ವರ್ಷದ ಹಿಂದೆ ಅದೇ ಊರಲ್ಲಿ ಅವರನ್ನು ಹೊಗಳಿದ್ದೂ ಬದಲಿಗಳಿಗಾಗಿಯೇ.

ಆಮೇಲೆ ಅವರು ಮಾಡಿದ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಜರ್ಮನಿ ಎದುರು ಅವಸರಕ್ಕೆ ಎಳೆದುಕೊಂಡಿದ್ದ 3-4-2-1ನ್ನು ಮೊದಲ ನಿಮಿಷದಿಂದಲೇ ಆಡಿಸತೊಡಗಿದರು. ಅಂಚಿನ ಎರಡು ಜಾಗಕ್ಕೆ ಹಾಕಿದ್ದು ಮಿತೋಮಾ, ದೋವಾನ್. ಇಬ್ಬರೂ ದಾಳಿಯ ಆಟಗಾರರು, ಸಾಮಾನ್ಯವಾಗಿ ಕೋಚ್‌ಗಳು ಅಲ್ಲಿ ಡಿಫೆಂಡರ್‌ಗಳನ್ನು ಹಾಕುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಚೀನಾ ಎದುರು 7–0. 2025ರ ಮಾರ್ಚ್ 20ರಂದು ಬಹ್ರೇನನ್ನು 2–0 ಸೋಲಿಸಿ, ಆತಿಥೇಯರನ್ನು ಬಿಟ್ಟರೆ 2026ರ ವಿಶ್ವಕಪ್‌ಗೆ ಎಲ್ಲರಿಗಿಂತ ಮೊದಲು ಟಿಕೆಟ್ ಪಡೆದರು. ಅಭ್ಯಾಸದ ಬಹುಪಾಲನ್ನು ಸಹಾಯಕರಿಗೆ ಹಂಚಿಬಿಟ್ಟಿದ್ದರು. ಹಿಂದಿನ ತಾರೆಗಳಾದ ನಾನಾಮಿ, ಮಾಯೆದಾ, ಆಮೇಲೆ ಹಾಸೆಬೆ ಆ ಸಹಾಯಕರಲ್ಲಿದ್ದರು.

ಅಕ್ಟೋಬರ್ 14ರಂದು ಟೋಕಿಯೊಗೆ ಬ್ರೆಜಿಲ್ ಬಂತು. ಅದುವರೆಗೆ ಹದಿಮೂರು ಸಲ ಎದುರಾಗಿ ಜಪಾನ್ ಒಂದು ಸಲವೂ ಗೆದ್ದಿರಲಿಲ್ಲ. ಮೊದಲರ್ಧ ಮುಗಿದಾಗ ಬ್ರೆಜಿಲ್ 2–0. ವಿರಾಮದ ನಂತರ ಜಪಾನ್ ಕಾದು ನಿಲ್ಲೋದು ಬಿಟ್ಟು ಬ್ರೆಜಿಲ್‌ನ ಗೋಲಿನ ಬುಡಕ್ಕೇ ಹೋಗಿ ಒತ್ತಡ ಹಾಕಿತು. 52ನೇ ನಿಮಿಷ ಮಿನಾಮಿನೋ, 62 ನಕಾಮುರಾ, 71 ಉಯೆದಾ. 3–2. ಇನ್ನು ಇಪ್ಪತ್ತು ನಿಮಿಷ ಬಾಕಿ, ಅದರ ಮೇಲೆ ಇಂಜುರಿ ಟೈಮ್. ಆ ಹೊತ್ತಿನಲ್ಲಿ ಜಪಾನ್ ಗೋಲು ಬಿಟ್ಟುಕೊಡಲಿಲ್ಲ.